ಮಗಳಿಗೊಂದು ಪತ್ರ: ಮೊದಲು ಗೈಡ್ ಪಟ್ಟಿ, ಆಮೇಲೆ ಮಷಿನ್

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಫೋಟೋಗಳನ್ನು ನೋಡಿದೆ. 8 ಅಡಿ ಉದ್ದದ ಕಟ್ ನಡುವೆ 2-3 ಮಿ.ಮೀ. ಒಳಗೆ ಸರಿದಿದೆ. ಪುಸ್ತಕದ ಕಪಾಟಿನ ಪಕ್ಕದ ಹಲಗೆಯಲ್ಲಿ ಅಷ್ಟು ವ್ಯತ್ಯಾಸ ಬಂದರೆ ಆಗುವುದಿಲ್ಲ. ಹಿಂಬದಿಯ ಪ್ಲೈ ಜೊತೆ ಸಂದಿ ಬೀಳುತ್ತದೆ, ಅಂಚು ಮುಚ್ಚುವ ಎಡ್ಜ್ ಬ್ಯಾಂಡ್ ಎಷ್ಟು ಚೆನ್ನಾಗಿ ಅಂಟಿಸಿದರೂ ಸೊಟ್ಟ ಕಾಣುತ್ತದೆ. ಆದರೆ ಪಕ್ಕದ ವರ್ಕ್‌ಶಾಪಿನವರು ನಿನ್ನ ಕೈ ಇನ್ನೂ ಪಳಗಿಲ್ಲ ಅಂದರಲ್ಲ, ಅದು ನನಗೆ ಒಪ್ಪಿಗೆಯಿಲ್ಲ. ಗೈಡ್ ಪಟ್ಟಿ ಅಂದರೆ ಹಲಗೆಗೆ ಬಿಗಿದು, ಮಷಿನ್ ಒರಗಿಕೊಂಡು ನೇರ ಓಡಲು ಇಡುವ ಪಟ್ಟಿ. ‘ಒಳ್ಳೇ ಕಾರ್ಪೆಂಟರ್‌ಗೆ ಪಟ್ಟಿ ಯಾಕೆ ಬೇಕು’ ಅನ್ನುವ ಮಾತನ್ನು ನಾನೂ ತುಂಬಾ ಕಡೆ ಕೇಳಿದ್ದೇನೆ. ಆ ಮಾತು ನಂಬಿ ನೀನು ಮನಸ್ಸು ಸಣ್ಣದು ಮಾಡಿಕೊಳ್ಳಬಾರದು ಅಂತಲೇ ಇಷ್ಟುದ್ದ ಬರೆಯುತ್ತಿದ್ದೇನೆ.

ಕೈಗರಗಸ ನಿಧಾನ. ಎಳೆತಕ್ಕೊಂದು ಸಲ ಗೆರೆ ನೋಡಬಹುದು, ಸ್ವಲ್ಪ ತಿದ್ದಬಹುದು. ದುಂಡು ಬ್ಲೇಡಿನ ಕರೆಂಟ್ ಗರಗಸ, ಸರ್ಕ್ಯುಲರ್ ಸಾ, ಹಾಗಲ್ಲ. ನಿನ್ನ 7 ಇಂಚಿನ ಮಷಿನ್ ನಿಮಿಷಕ್ಕೆ ಸುಮಾರು 5 ಸಾವಿರ ಸುತ್ತು ತಿರುಗುತ್ತದೆ. ಚಪ್ಪಟೆ ಬ್ಲೇಡ್ ತಾನೇ ಕೊರೆದ ಸೀಳಿನೊಳಗೆ ಓಡುತ್ತಿರುತ್ತದೆ. ಒಮ್ಮೆ ಅರ್ಧ ಡಿಗ್ರಿ ತಿರುಗಿತು ಅನ್ನು, ಅದನ್ನು ವಾಪಸ್ ಗೆರೆಗೆ ತರಲು ನೀನು ಒತ್ತಿದರೆ ಬ್ಲೇಡ್ ಸೀಳಿನ ಗೋಡೆಗೆ ಉಜ್ಜುತ್ತದೆ. ಅಂಚು ಸುಟ್ಟು ಕಪ್ಪಾಗುತ್ತದೆ. ಜಾಸ್ತಿ ಒತ್ತಿದರೆ ಮಷಿನ್ ನಿನ್ನ ಕಡೆಗೇ ಒದೆಯುತ್ತದೆ. ಹಾಗಾಗಿ ಮಷಿನ್ ಓಡುವಾಗ ತಿದ್ದುವ ಕೆಲಸವೇ ಇರಬಾರದು. ಏನು ತಿದ್ದುವುದಿದ್ದರೂ ಸ್ವಿಚ್ ಒತ್ತುವ ಮುಂಚೆ ಮುಗಿದಿರಬೇಕು. ಗೈಡ್ ಪಟ್ಟಿ ಇರುವುದು ಅದಕ್ಕೇ.

ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ನೀನು ದೊಡ್ಡ ಮಷಿನ್‌ಗಳ ಮೇಲೆ ಕಲಿತೆ. ಅಲ್ಲಿ ಬ್ಲೇಡ್ ಒಂದೇ ಕಡೆ ನಿಂತಿರುತ್ತದೆ, ಹಲಗೆ ಅದರ ಕಡೆ ಹೋಗುತ್ತದೆ. ಈಗ ನಿನ್ನ ಸಣ್ಣ ಶೆಡ್ಡಿನಲ್ಲಿ ಹಲಗೆ ನಿಂತಿರುತ್ತದೆ, ಬ್ಲೇಡ್ ಓಡುತ್ತದೆ. ಇದರಿಂದ ಇನ್ನೊಂದು ವ್ಯತ್ಯಾಸವೂ ಬರುತ್ತದೆ. ಅಲ್ಲಿನ ಟೇಬಲ್ ಸಾದಲ್ಲಿ ಹಲ್ಲುಗಳು ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ. ಕೈಮಷಿನ್‌ನಲ್ಲಿ ಕೆಳಗಿನಿಂದ ಮೇಲಕ್ಕೆ ಏಳುತ್ತವೆ. ಅದಕ್ಕೇ ನಿನ್ನ ಪ್ಲೈಯ ತೇಗದ ವೆನಿಯರ್, ಅಂದರೆ ಮೇಲಿನ ತೆಳ್ಳನೆಯ ಮರದ ಪದರದ ಮೇಲ್ಮುಖದಲ್ಲಿ ಅಷ್ಟು ಸಿಬಿರು ಎದ್ದಿರುವುದು. ಪಟ್ಟಿಯಿಲ್ಲದೆ ಕತ್ತರಿಸುವುದಾದರೆ ಒಳ್ಳೇ ಮುಖ ಕೆಳಗೆ ಹಾಕಬೇಕು. ಸರಿಯಾದ ಪಟ್ಟಿ ಇದ್ದರೆ ಮೇಲಿಟ್ಟೇ ಕತ್ತರಿಸಬಹುದು. ಯಾಕೆ ಅಂತ ಮುಂದೆ ಹೇಳುತ್ತೇನೆ.

ರೈಲ್ ಸಮೇತ ಬರುವ ಟ್ರ್ಯಾಕ್ ಸಾ ಕೊಳ್ಳಲಾ ಅಂತ ಕೇಳಿದ್ದೀಯ. ಜರ್ಮನಿಯವರು 1960ರ ದಶಕದಿಂದಲೇ ಈ ರೈಲುಗಳನ್ನು ಮಾಡುತ್ತಿದ್ದಾರೆ. ಒಳ್ಳೇ ವಸ್ತು. ಬೆಲೆಯೂ ಜಾಸ್ತಿ. ಕೊಳ್ಳುವ ದಿನ ಬರುತ್ತದೆ, ಈಗಲೇ ಬೇಡ. ಮೊದಲು ನಿನ್ನ ಪಟ್ಟಿಯನ್ನು ನೀನೇ ಮಾಡು. ದುಡ್ಡು ಉಳಿಯುತ್ತದೆ ಅಂತ ಮಾತ್ರ ಅಲ್ಲ. ಮಾಡಿದಾಗಲೇ ರೈಲ್ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಪೂರ್ತಿ ಅರ್ಥವಾಗುವುದು.

6 ಮಿ.ಮೀ. ಪ್ಲೈಯಲ್ಲಿ ಸುಮಾರು 1 ಅಡಿ ಅಗಲದ ತಳ ಕತ್ತರಿಸಿಕೋ. ಅದರ ಮೇಲೆ ಮಷಿನ್ ಒರಗಿ ಓಡಲು ಒಂದು ನೇರವಾದ ಕಟ್ಟೆ ಬೇಕು. 12 ಮಿ.ಮೀ. ಪ್ಲೈಯ 3 ಇಂಚಿನ ಪಟ್ಟಿ ಸಾಕು, ಫ್ಯಾಕ್ಟರಿ ಅಂಚು ಮಷಿನ್ ಕಡೆ ಇರಲಿ. ಅಂಟು ಹಾಕಿ, ಕೆಳಗಿನಿಂದ ಸ್ಕ್ರೂ ಬಿಗಿ. ಸ್ಕ್ರೂ ತಲೆ ತಳದೊಳಗೆ ಪೂರ್ತಿ ಕೂರಲಿ, ಇಲ್ಲದಿದ್ದರೆ ಹಲಗೆ ಗೀರುತ್ತದೆ. ಕಟ್ಟೆ ಎತ್ತರವಾಯಿತೋ, ಮಷಿನ್‌ನ ಮೋಟಾರ್ ತಗಲುತ್ತದೆ. ತಗ್ಗಿರಲಿ. ಕಟ್ಟೆಯ ಹಿಂದೆ ಕ್ಲ್ಯಾಂಪ್ ಹಿಡಿಯಲು 4 ಇಂಚು ಜಾಗ ಬಿಡು. ಮುಂದೆ ತಳವನ್ನು ಬೇಕಾದ್ದಕ್ಕಿಂತ ಅಗಲವಾಗಿಯೇ ಬಿಟ್ಟಿರು. ಈಗ ಮಷಿನ್‌ನ ಅಡಿತಟ್ಟೆಯನ್ನು ಕಟ್ಟೆಗೆ ಒತ್ತಿ ಹಿಡಿದು ಈ ತುದಿಯಿಂದ ಆ ತುದಿಗೆ ಒಂದು ಸಲ ಓಡಿಸು. ಹೆಚ್ಚಿನ ತಳವನ್ನು ಬ್ಲೇಡೇ ಕತ್ತರಿಸಿ ಹಾಕುತ್ತದೆ. ಉಳಿದ ಅಂಚಿದೆಯಲ್ಲ, ನಿನ್ನ ಮಷಿನ್ ಎಲ್ಲಿ ಕತ್ತರಿಸುತ್ತದೋ ಕರಾರುವಾಕ್ಕಾಗಿ ಅದೇ ಜಾಗ. ಇನ್ನು ಮೇಲೆ ಬ್ಲೇಡಿನಿಂದ ಅಡಿತಟ್ಟೆಗೆ ಎಷ್ಟು ದೂರ ಅಂತ ಲೆಕ್ಕ ಹಾಕುವ ಗೋಜಿಲ್ಲ. ಗೆರೆ ಎಳೆ, ಪಟ್ಟಿಯ ಅಂಚನ್ನು ಗೆರೆಯ ಮೇಲಿಡು, ಬಿಗಿ ಮಾಡು, ಓಡಿಸು.

ಸಿಬಿರು ಏಳದಿರುವುದೂ ಇದೇ ಅಂಚಿನಿಂದ. ಅದು ಬ್ಲೇಡಿಗೆ ತಾಗಿದ ಹಾಗೆ ವೆನಿಯರ್ ಅನ್ನು ಅದುಮಿ ಹಿಡಿದಿರುತ್ತದೆ, ನಾರು ಮೇಲೇಳಲು ಜಾಗವಿಲ್ಲ. ಆದರೆ ಈ ರಕ್ಷಣೆ ಪಟ್ಟಿ ಇರುವ ಬದಿಗೆ ಮಾತ್ರ. ಆಚೆ ಬದಿಯಲ್ಲಿ ಸಿಬಿರು ಏಳುತ್ತದೆ. ಹಾಗಾಗಿ ಪಟ್ಟಿ ಯಾವಾಗಲೂ ನಿನಗೆ ಬೇಕಾದ ತುಂಡಿನ ಮೇಲೆ ಕೂರಲಿ, ಬ್ಲೇಡ್ ತಿನ್ನುವ ಅಗಲ ಬೇಡದ ಬದಿಗೆ ಹೋಗಲಿ. ಒಂದು ಪಟ್ಟಿ ಒಂದೇ ಮಷಿನ್‌ಗೆ, ಒಂದೇ ದಪ್ಪದ ಬ್ಲೇಡಿಗೆ. ಅದರ ಮೇಲೆ ಮಾರ್ಕರ್‌ನಲ್ಲಿ ಬರೆದಿಡು. ದಪ್ಪ ಬ್ಲೇಡ್ ಹಾಕಿದರೆ ಅಂಚು ತಿಂದುಹೋಗುತ್ತದೆ, ತೆಳ್ಳನೆಯದು ಹಾಕಿದರೆ ಅಂಚಿಗೂ ಬ್ಲೇಡಿಗೂ ನಡುವೆ ಸಂದಿ ಉಳಿಯುತ್ತದೆ.

ಕಟ್ಟೆ ನಿಜವಾಗಿಯೂ ನೇರವಾಗಿದೆಯಾ? ಕಣ್ಣನ್ನು ನಂಬಬೇಡ, ಫ್ಯಾಕ್ಟರಿ ಅಂಚನ್ನೂ ನಂಬಬೇಡ. ಅದನ್ನು ಒಂದು ಶೀಟ್ ಮೇಲಿಟ್ಟು ಚೂಪಾದ ಪೆನ್ಸಿಲ್‌ನಿಂದ ಉದ್ದಕ್ಕೂ ಗೆರೆ ಎಳೆ. ಆಮೇಲೆ ಅದನ್ನು ಮಗುಚಿ, ಅದೇ ಅಂಚನ್ನು ಗೆರೆಯ ಆಚೆ ಬದಿಯಿಂದ ತಂದು ಎರಡು ತುದಿ ಕೂಡಿಸಿ ಇನ್ನೊಂದು ಗೆರೆ ಎಳೆ. ಎರಡೂ ಒಂದೇ ಆಗಿ ಕಂಡರೆ ಅಂಚು ನೇರ. ನಡುವೆ 1 ಮಿ.ಮೀ. ಸಂದಿ ಕಂಡರೆ ಅಂಚು ಅರ್ಧ ಮಿ.ಮೀ. ಬಾಗಿದೆ ಅಂತ ಅರ್ಥ, ಯಾಕಂದರೆ ಈ ಪರೀಕ್ಷೆ ತಪ್ಪನ್ನು ದುಪ್ಪಟ್ಟು ಮಾಡಿ ತೋರಿಸುತ್ತದೆ. ಸ್ಕ್ರೂ ಹಾಕುವ ಮುಂಚೆಯೇ ಇದನ್ನು ಮಾಡು. ಕಟ್ಟೆ ಬಾಗಿದ್ದರೆ ನೀನು ಮಾಡುವ ಪ್ರತಿ ಕಟ್ಟೂ ಬಾಗುತ್ತದೆ.

ಅಡ್ಡ ಕತ್ತರಿಸಲು ನಾಲ್ಕೂವರೆ ಅಡಿಯ ಪಟ್ಟಿ ಸಾಕು, ಶೀಟಿನ ಅಗಲ 1220 ಮಿ.ಮೀ. ತಾನೇ. ಉದ್ದಕ್ಕೆ ಮಾತ್ರ 8 ಅಡಿಯ ಪಟ್ಟಿ ಸಾಲದು. ಶೀಟೇ 2440 ಮಿ.ಮೀ. ಇದೆ. ಬ್ಲೇಡ್ ಮರ ಮುಟ್ಟುವ ಮುಂಚೆಯೇ ಅಡಿತಟ್ಟೆ ಕಟ್ಟೆಗೆ ಒರಗಿರಬೇಕು, ಮರ ಬಿಟ್ಟ ಮೇಲೂ ಒರಗಿರಬೇಕು. ಹಾಗಾಗಿ 9 ಅಡಿ ಮಾಡು. ಅಷ್ಟುದ್ದದ ಪ್ಲೈ ಸುಲಭವಾಗಿ ಸಿಗುವುದಿಲ್ಲವಲ್ಲ, ಕಟ್ಟೆಗೆ ಅಲ್ಯೂಮಿನಿಯಂ ಸೆಕ್ಷನ್ ತಗೋ. ಅಂಗಡಿಯಲ್ಲಿ ನಾಲ್ಕಾರು ತುಂಡು ನೋಡಿ ನೇರವಾಗಿರುವುದನ್ನು ಆರಿಸು, ಅಂಗಡಿಯವರು ಅವಸರ ಮಾಡಿದರೂ ಸರಿ. ತಳವನ್ನು ಎರಡು ತುಂಡಿನಲ್ಲಿ ಮಾಡಿದರೆ ನಡೆಯುತ್ತದೆ. ಕಟ್ಟೆ ಮಾತ್ರ ಒಂದೇ ತುಂಡಿರಲಿ.

ಫೋಟೋದಲ್ಲಿ ಶೀಟನ್ನು ಎರಡು ಸ್ಟೂಲಿನ ಮೇಲಿಟ್ಟಿದ್ದೀಯ. ಇದು ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸಿದ್ದು. ಕಟ್ ಮುಂದೆ ಹೋದ ಹಾಗೆ ನಡುವೆ ಶೀಟ್ ಬಾಗುತ್ತದೆ, ಸೀಳು ಮುಚ್ಚಿಕೊಂಡು ಬ್ಲೇಡನ್ನು ಹಿಡಿಯುತ್ತದೆ. ಮಷಿನ್ ಒದೆಯುವುದು ಆಗಲೇ. ನೆಲದ ಮೇಲೆ ಒಂದೇ ದಪ್ಪದ ನಾಲ್ಕು ರೀಪು ಹಾಸು. ಎರಡು ಕಟ್‌ನ ಈಚೆಗೆ, ಎರಡು ಆಚೆಗೆ. ಆಗ ಬೇರೆಯಾದ ಎರಡೂ ತುಂಡುಗಳು ಇದ್ದಲ್ಲೇ ಮಲಗಿರುತ್ತವೆ. ಬ್ಲೇಡ್ ಆಳವನ್ನು ಪಟ್ಟಿಯ ತಳ ಸೇರಿಸಿ ಲೆಕ್ಕ ಹಾಕು: ಶೀಟಿನ ದಪ್ಪ 18ಕ್ಕೆ ತಳದ 6 ಸೇರಿಸು, ಬ್ಲೇಡ್ ಕೆಳಗೆ ಹೊರಬರಲು 4, ಒಟ್ಟು 28 ಮಿ.ಮೀ. ಅದಕ್ಕಿಂತ ಜಾಸ್ತಿ ಬೇಡ. ಬ್ಲೇಡಿನ ನೇರಕ್ಕೆ ನಿಲ್ಲಬೇಡ, ಪಕ್ಕಕ್ಕೆ ನಿಲ್ಲು. ನಡುವೆ ನಿಲ್ಲಿಸಬೇಕಾಗಿ ಬಂದರೆ ಸ್ವಿಚ್ ಬಿಟ್ಟು, ಬ್ಲೇಡ್ ಪೂರ್ತಿ ನಿಂತ ಮೇಲೆ ಎತ್ತು. ತಿರುಗುತ್ತಿರುವಾಗ ಹಿಂದಕ್ಕೆ ಎಳೆಯಬೇಡ. ದುಪಟ್ಟಾ, ಬಳೆ, ಬಿಟ್ಟ ಕೂದಲು, ಬಟ್ಟೆಯ ಕೈಗವಸು ಯಾವುದೂ ಬೇಡ. ಕನ್ನಡಕ, ಮಾಸ್ಕ್, ಕಿವಿಗೆ ಮಫ್ ಬೇಕೇ ಬೇಕು. ಟೈಲ್ಸ್ ಕತ್ತರಿಸುವ 4 ಇಂಚಿನ ಮಷಿನ್‌ಗೆ ಮರದ ಬ್ಲೇಡ್ ಹಾಕಿ ಪ್ಲೈ ಕತ್ತರಿಸುವುದನ್ನು ನೀನು ಎಲ್ಲಾ ಕಡೆ ನೋಡಿರುತ್ತೀಯ. ಅದು ನಿಮಿಷಕ್ಕೆ 12 ಸಾವಿರ ಸುತ್ತಿನ ಮೇಲೆ ತಿರುಗುತ್ತದೆ, ಮರಕ್ಕೆ ಬೇಕಾದ ಗಾರ್ಡ್ ಅದರಲ್ಲಿಲ್ಲ. ಯಾರೇ ಹೇಳಲಿ, ನೀನು ಅದನ್ನು ಮರಕ್ಕೆ ಮುಟ್ಟಿಸಬೇಡ ಮಗಳೇ.

ಇನ್ನು ರೂಟರ್, ಅಂದರೆ ಬಿಟ್ ತಿರುಗಿಸಿ ಮರದಲ್ಲಿ ಗ್ರೂವ್ (ಉದ್ದನೆಯ ಕೊರಕಲು) ಕೊರೆಯುವ ಮಷಿನ್. ಶೆಲ್ಫ್ ಕೂರಿಸಲು ಪಕ್ಕದ ಹಲಗೆಯಲ್ಲಿ ಗ್ರೂವ್ ಹೊಡೆಯುತ್ತೇನೆ ಅಂದಿದ್ದೀಯ. ಒಳ್ಳೇ ಯೋಚನೆ. ಪುಸ್ತಕದ ಭಾರವನ್ನು ಬರೀ ಸ್ಕ್ರೂ ಮೇಲೆ ಬಿಡಬಾರದು. 18 ಮಿ.ಮೀ. ದಪ್ಪದ ಹಲಗೆಗೆ 6 ಮಿ.ಮೀ. ಆಳ ಸಾಕು. ಅದನ್ನೂ ಎರಡು ಸಲದಲ್ಲಿ ಇಳಿಸು.

ರೂಟರ್ ಬಿಟ್ ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ನೀನು ಅದನ್ನು ಮುಂದಕ್ಕೆ ತಳ್ಳಿದರೆ ಅದು ಎಡಕ್ಕೆ ಎಳೆಯುತ್ತದೆ. ಹಾಗಾಗಿ ತಳ್ಳುವಾಗ ಪಟ್ಟಿ ನಿನ್ನ ಎಡಕ್ಕಿರಬೇಕು. ಆಗ ರೂಟರ್ ತಾನಾಗಿಯೇ ಪಟ್ಟಿಗೆ ಒರಗಿಕೊಂಡು ಹೋಗುತ್ತದೆ. ಬಲಕ್ಕಿಟ್ಟರೆ ಪಟ್ಟಿ ಬಿಟ್ಟು ಅಲೆಯುತ್ತದೆ, ಹಿಡಿದು ಹಿಡಿದು ನಿನ್ನ ಕೈ ಸೋಲುತ್ತದೆ. ದುಂಡನೆಯ ತಳವಿದ್ದರೆ ಬಿಟ್ ಸರಿಯಾಗಿ ನಡುವೆಯೇ ಇದೆ ಅಂತ ಅಂದುಕೊಳ್ಳಬೇಡ. ತಳದ ಮೇಲೆ ಒಂದು ಗುರುತು ಹಾಕಿ, ಅದೇ ಜಾಗ ಕೊನೆಯವರೆಗೂ ಪಟ್ಟಿಗೆ ತಾಗಿರುವ ಹಾಗೆ ನೋಡಿಕೋ.

18 ಮಿ.ಮೀ. ಅಂತ ಮಾರುವ ಪ್ಲೈ 18 ಇರುವುದು ಕಡಿಮೆ. ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆ. 17.5 ಬಂತು ಅನ್ನು. 18ರ ಬಿಟ್‌ನಿಂದ ಹೊಡೆದರೆ ಶೆಲ್ಫ್ ಗಡಗಡ ಅನ್ನುತ್ತದೆ. 12ರ ಬಿಟ್ ಹಾಕು. 17.5ರಲ್ಲಿ 12 ಕಳೆದರೆ 5.5. ಅಷ್ಟೇ ದಪ್ಪದ ಒಂದು ನೇರ ಪಟ್ಟಿಯನ್ನು ಕೀಸಿ ಮಾಡಿಕೋ. ಮೊದಲು ಅದನ್ನು ಕಟ್ಟೆಗೂ ರೂಟರ್‌ಗೂ ನಡುವೆ ಇಟ್ಟು ಓಡಿಸು. ಆಮೇಲೆ ತೆಗೆದು ಇನ್ನೊಮ್ಮೆ ಓಡಿಸು. ಗ್ರೂವ್ ನಿನ್ನ ಪ್ಲೈಯಷ್ಟೇ ಅಗಲ ಬರುತ್ತದೆ. ಈ ಕ್ರಮವನ್ನು ತಿರುವುಮುರುವು ಮಾಡಬೇಡ. ಆ 5.5ರ ಪಟ್ಟಿ ತೆಗೆದು ಓಡಿಸುವಾಗ ಬಿಟ್ ಎಡಗೋಡೆಯನ್ನು ಕೊರೆಯುತ್ತದೆ, ಮರ ರೂಟರನ್ನು ತಡೆದು ಹಿಡಿಯುತ್ತದೆ, ನಿನ್ನ ಹತೋಟಿಯಲ್ಲಿರುತ್ತದೆ. ಉಲ್ಟಾ ಮಾಡಿದರೆ ಬಲಗೋಡೆಗೆ ಹತ್ತಿ ತಾನೇ ಮುಂದಕ್ಕೆ ಓಡಿಬಿಡುತ್ತದೆ.

ಎಡಪಕ್ಕದ ಹಲಗೆ ಬೇರೆ, ಬಲಪಕ್ಕದ್ದು ಬೇರೆ ಅಂತ ಎರಡು ಸಲ ಅಳೆಯಬೇಡ. ನಿನ್ನ ಕಪಾಟಿನ ಆಳ 280 ಮಿ.ಮೀ. ಅಲ್ವಾ? ಮೊದಲು 570 ಅಗಲದ ಒಂದೇ ಹಲಗೆ ಕತ್ತರಿಸು. ಅದರ ಮೇಲೆ ಎಲ್ಲಾ ಗ್ರೂವ್‌ಗಳನ್ನೂ ಅಡ್ಡಕ್ಕೆ ಹೊಡೆ. ಕೊನೆಗೆ ಉದ್ದ ಪಟ್ಟಿ ಇಟ್ಟು ಎರಡು ಸೀಳು ಮಾಡು. ಎರಡೂ ಬದಿಯ ಗ್ರೂವ್‌ಗಳು ಕೂದಲೆಳೆಯಷ್ಟೂ ಆಚೀಚೆ ಆಗುವುದಿಲ್ಲ, ಶೆಲ್ಫ್‌ಗಳು ಮಟ್ಟವಾಗಿ ಕೂರುತ್ತವೆ. ಇದು ನನಗೆ ತುಂಬಾ ಇಷ್ಟದ ಕೆಲಸ. ಸೀಳಿದ ಎರಡು ಹಲಗೆಗಳನ್ನು ಎದುರುಬದುರು ನಿಲ್ಲಿಸಿ ನೋಡು, ನಿನಗೂ ಇಷ್ಟವಾಗುತ್ತದೆ.

ಈಗ ಹಾಳಾಯಿತು ಅಂತ ಬೇಜಾರು ಮಾಡಿಕೊಂಡಿರುವ ಹಲಗೆಯನ್ನು ಎಸೆಯಬೇಡ. ಅಂಚು ನೇರ ಮಾಡಿಕೊಂಡರೆ ಅದರಲ್ಲೇ ನಿನ್ನ ಶೆಲ್ಫ್‌ಗಳು ಹೊರಡುತ್ತವೆ. ಕಪಾಟಿನ ಪೂರ್ತಿ ಅಳತೆ ಬರೆದು ಕಳಿಸು, ಯಾವ ಶೀಟಿನಲ್ಲಿ ಯಾವ ತುಂಡು ಮೊದಲು ಅಂತ ಚಿತ್ರ ಬರೆದು ಕಳಿಸುತ್ತೇನೆ. ಕ್ಲ್ಯಾಂಪ್ ಎರಡೇ ಇದೆ ಅಂದಿದ್ದೀಯ, ಉದ್ದ ಪಟ್ಟಿಗೆ ನಡುವೆಯೂ ಒಂದು ಬೇಕಾಗುತ್ತದೆ. ಇಲ್ಲಿಂದ ಎರಡು ಕಳಿಸುತ್ತಿದ್ದೇನೆ. ಅವು ಬರುವವರೆಗೆ ಉದ್ದದ ಕಟ್ ಮಾಡಬೇಡ, ಸಣ್ಣ ಪಟ್ಟಿ ಮುಗಿಸಿಟ್ಟಿರು.

ನಿನ್ನ
ಅಪ್ಪ