ಖಾಲಿ ಬಿಳಿಗೆ ಕಲೆ ಬೀಳದಿರಲಿ

ಮಾನ್ಯ ಸಂಪಾದಕರೇ,

ಎರಡು ಗೆರೆ, ಒಂದು ವೃತ್ತ, ಸುತ್ತ ಬರೀ ಬಿಳಿ. ಇಂಥ ಮಿನಿಮಲಿಸ್ಟ್ ಪ್ರಿಂಟ್‌ಗಳಲ್ಲಿ ಖಾಲಿ ಜಾಗವೇ ಮುಕ್ಕಾಲು ಚಿತ್ರ. ಬಣ್ಣ ತುಂಬಿದ ಪಟದಲ್ಲಿ ಮರೆಯಾಗುವ ಬೂಷ್ಟಿನ ಚುಕ್ಕಿ ಇಲ್ಲಿ ಕಣ್ಣಿಗೆ ರಾಚುತ್ತದೆ. ಆದರೂ ಫ್ರೇಮ್ ಸಮೇತ ಮಾರುವ ಎಷ್ಟೋ ಕಡೆ ಚೌಕಟ್ಟಿನ ಬಣ್ಣ ಹೇಳುತ್ತಾರೆಯೇ ಹೊರತು ಒಳಗಿನ ಕಾಗದ ಎಂಥದ್ದು ಎಂದು ಬಾಯಿ ಬಿಡುವುದಿಲ್ಲ.

ಕೊಳ್ಳುವವರು ಮೊದಲು ನೋಡಬೇಕಾದ್ದು ಚಿತ್ರಕ್ಕೂ ಗಾಜಿಗೂ ನಡುವಿನ ಸಂದು. ಅಗ್ಗದ ಫ್ರೇಮ್‌ಗಳಲ್ಲಿ ಕಾಗದವನ್ನು ನೇರ ಗಾಜಿಗೇ ಒತ್ತಿ ಕೂರಿಸಿರುತ್ತಾರೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಗಾಜಿನ ಒಳಮೈ ಬೆವರುತ್ತದೆ. ಕಾಗದ ಆ ತೇವ ಹೀರಿ ಉಬ್ಬುತ್ತದೆ, ಶಾಯಿ ಇರುವ ಜಾಗ ಗಾಜಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಎಳೆದರೆ ಬಣ್ಣದ ಪದರವೇ ಕಿತ್ತು ಬರುತ್ತದೆ. ನಡುವೆ ಮೌಂಟ್ ಬೋರ್ಡ್ (ಚಿತ್ರದ ಸುತ್ತ ಕೂರಿಸುವ, ನಡುವೆ ಕಿಟಕಿಯಂತೆ ಕೊರೆದ ದಪ್ಪ ರಟ್ಟು) ಇದ್ದರೆ ಸುಮಾರು ಒಂದೂವರೆ ಮಿ.ಮೀ. ಸಂದು ಸಿಗುತ್ತದೆ, ಅಷ್ಟು ಸಾಕು. ಬೋರ್ಡ್ ಮಾತ್ರ ಆಸಿಡ್‌ರಹಿತವೇ ಆಗಬೇಕು. ಮಾಮೂಲಿ ಬೋರ್ಡಿನ ಕೊರೆದ ಅಂಚು ಕೆಲವು ವರ್ಷಗಳಲ್ಲೇ ಕಂದಾಗಿ, ಆ ಕಂದು ಗೆರೆ ಚಿತ್ರಕ್ಕೂ ಇಳಿಯುತ್ತದೆ. ಅಂಗಡಿಯಲ್ಲಿ ಹಳೆಯ ಸ್ಯಾಂಪಲ್ ಇದ್ದರೆ ಆ ಓರೆ ಅಂಚನ್ನೇ ನೋಡಿ.

ಕಾಗದ ಮ್ಯಾಟ್ (ಹೊಳಪಿಲ್ಲದ್ದು) ಇರಲಿ, 200 ಜಿಎಸ್‌ಎಂಗೆ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಕಡಿಮೆ ಬೇಡ. ಶಾಯಿ ಪಿಗ್ಮೆಂಟ್ (ಬಣ್ಣದ ಸಣ್ಣ ಕಣಗಳಿರುವುದು) ಆಗಿರಲಿ, ಡೈ (ಬಣ್ಣ ಕರಗಿರುವ) ಶಾಯಿ ಬಿಸಿಲಿಗೆ ಬೇಗ ಮಂಕಾಗುತ್ತದೆ. ಚಿತ್ರದ ಡಿಜಿಟಲ್ ಫೈಲ್ ಕೊಂಡು ನೀವೇ ಪ್ರಿಂಟ್ ಹಾಕಿಸುವುದಾದರೆ ಎ3ಗೆ 3508×4961 ಪಿಕ್ಸೆಲ್ ಇರಬೇಕು. ಇಲ್ಲದಿದ್ದರೆ ತೆಳು ಗೆರೆಯ ಅಂಚು ಹಲ್ಲುಹಲ್ಲಾಗಿ ಕಾಣುತ್ತದೆ.

ಅಳತೆಯಲ್ಲಿ ಮೋಸಹೋಗುವವರು ಬಹಳ. ಎ3 ಎಂದರೆ ಬರೀ ಚಿತ್ರ, 29.7×42 ಸೆಂ.ಮೀ. ಸುತ್ತ 5 ಸೆಂ.ಮೀ. ಮೌಂಟ್, 2 ಸೆಂ.ಮೀ. ಚೌಕಟ್ಟು ಸೇರಿದರೆ ಗೋಡೆಯಲ್ಲಿ ಸುಮಾರು 44×56 ಸೆಂ.ಮೀ. ಜಾಗ ಬೇಕು. ಹೇಳಿರುವ ಅಳತೆ ಯಾವುದರದ್ದು ಎಂದು ಕೇಳಿಯೇ ದುಡ್ಡು ಕೊಡಿ.

ಮಳೆ ಹೊಡೆಯುವ ಗೋಡೆಗೆ ತೂಗುಹಾಕಬೇಡಿ. ಬೇರೆ ಗೋಡೆಯೇ ಇಲ್ಲದಿದ್ದರೆ ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ರಬ್ಬರ್ ಬಿಲ್ಲೆ ಅಂಟಿಸಿ, ಹಿಂದೆ ಗಾಳಿ ಆಡುತ್ತದೆ. ಚಿತ್ರದ ನಡುಭಾಗ ನೆಲದಿಂದ 145–150 ಸೆಂ.ಮೀ. ಎತ್ತರದಲ್ಲಿರಲಿ.

ಸಿದ್ಧ ಉಡುಪಿಗೆ ಹತ್ತಿಯೋ ಪಾಲಿಯೆಸ್ಟರೋ ಎಂಬ ಚೀಟಿ ಹೊಲಿದಿರುತ್ತದೆ. ಸಾವಿರಾರು ರೂಪಾಯಿಯ ಫ್ರೇಮಿನ ಬೆನ್ನಿಗೂ ಕಾಗದ, ಶಾಯಿ, ಮೌಂಟ್ ಯಾವುದೆಂದು ಮೂರು ಸಾಲು ಅಂಟಿಸುವುದು ಮಾರುವವರಿಗೆ ಕಷ್ಟದ ಕೆಲಸವಲ್ಲ.

– ಫ್ರೇಮ್ ಕೆಲಸಗಾರರು, ಉಡುಪಿ