ಗುಂಡ್ಯದಲ್ಲಿ ಸಿಕ್ಕ ಅಣ್ಣನಿಗೆ

ಅಣ್ಣಾ, ಹೋದ ತಿಂಗಳು ಶಿರಾಡಿ ಘಾಟಿಯ ಬುಡದಲ್ಲಿ, ಗುಂಡ್ಯದ ಚಹಾ ಅಂಗಡಿ ಎದುರು ಬಾನೆಟ್ ಎತ್ತಿ ನಿಂತಿದ್ದವನು ನಾನು. ಹಿಂದಿನ ಸೀಟಲ್ಲಿ ಅಮ್ಮ ಇದ್ದರು, ಕತ್ತಲಾಗುತ್ತಿತ್ತು. ಆ ಗಾಬರಿಯಲ್ಲಿ ನಿಮ್ಮ ಹೆಸರು ಕೇಳುವುದೂ ತೋಚಲಿಲ್ಲ.

ನನ್ನ ಟರ್ಬೊ ಪೆಟ್ರೋಲ್ ಕಾರಿಗೆ ಪವರ್ ಹೆಚ್ಚಲೆಂದು ಇಂಜಿನ್ ಟ್ಯೂನ್ ಮಾಡಿಸಿದಾಗಿನಿಂದ ಒಂದೇ ಗೋಳು. ಊರೊಳಗೆ ಮೆತ್ತಗೆ ಓಡುತ್ತಿತ್ತು. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಸಾಕು, 2500 ಆರ್‌ಪಿಎಂ ಹತ್ತಿರ ಜರ್ಕ್ ಹೊಡೆದು, ಚೆಕ್ ಇಂಜಿನ್ ಲೈಟ್ ಮಿನುಗಿ, ಪಿಕಪ್ಪೇ ಇಲ್ಲ. ಟ್ಯೂನ್ ಮಾಡಿದವರು ಪೆಟ್ರೋಲ್ ಸರಿಯಿಲ್ಲ ಎಂದು ಎರಡು ಸಲ ಸಾಗಹಾಕಿದ್ದರು.

ನೀವು ಮೊಬೈಲ್ ಟಾರ್ಚ್ ಹಿಡಿದು ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನ ಹೋಸಿನ ಜಾಯಿಂಟಿನ ಸುತ್ತ ಬೆರಳಾಡಿಸಿ, ಅಂಟಿದ ಎಣ್ಣೆ ಪಸೆ ತೋರಿಸಿದಿರಿ. “ನೋಡಿ ಸಾರ್, ಬೂಸ್ಟ್, ಅಂದ್ರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಏರಿದಾಗ ಗಾಳಿ ಇಲ್ಲೇ ಸೋರ್ತದೆ. ಸುಮ್ನೆ ನಿಂತಾಗ ಗೊತ್ತಾಗುದಿಲ್ಲ.” ಕ್ಲಾಂಪ್ ಬಿಗಿದಿರಿ. ಒತ್ತಡ ಹೆಚ್ಚಾದರೆ ಸಿಲಿಂಡರಿನೊಳಗೆ ಕಿಡಿ ಹಾರುವುದು ಕಷ್ಟ, ಸ್ಪಾರ್ಕ್ ಪ್ಲಗ್ಗಿನಲ್ಲಿ ಕಿಡಿ ದಾಟುವ ಸಂದು, ಅಂದರೆ ಪ್ಲಗ್ ಗ್ಯಾಪ್, ಕಡಿಮೆ ಮಾಡಿಸಿ, ಅಲ್ಲಿವರೆಗೆ ಆಕ್ಸಿಲರೇಟರ್ ಪೂರ್ತಿ ಒತ್ತಬೇಡಿ ಎಂದೂ ಹೇಳಿದಿರಿ. ದುಡ್ಡು ಕೊಡಲು ಬಂದರೆ ಬೇಡವೆಂದು ತಲೆಯಾಡಿಸಿ ಚಹಾ ಲೋಟ ಎತ್ತಿಕೊಂಡಿರಿ.

ಆ ರಾತ್ರಿ ಸಕಲೇಶಪುರದವರೆಗೆ ನಿಧಾನ ಹತ್ತಿದೆವು, ಕಾರು ಎಲ್ಲೂ ಕೈಕೊಡಲಿಲ್ಲ. ಬೆಂಗಳೂರಿನಲ್ಲಿ ಪ್ಲಗ್ ಬಿಚ್ಚಿಸಿದರೆ ಗ್ಯಾಪ್ 0.9 ಮಿ.ಮೀ. ಇತ್ತು. 0.7ಕ್ಕೆ ತಂದ ಮೇಲೆ ಜರ್ಕ್ ಪೂರಾ ಹೋಯಿತು. ನಾಲ್ಕು ತಿಂಗಳ ಗೋಳು ಅದು!

ಅಮ್ಮನ ಪರವಾಗಿಯೂ ನಿಮಗೆ ಮನಸಾರೆ ಧನ್ಯವಾದ. ದೀಪಾವಳಿಗೆ ಊರಿಗೆ ಬರುವಾಗ ಅದೇ ಅಂಗಡಿ ಎದುರು ನಿಲ್ಲಿಸಿ ನಿಮ್ಮನ್ನು ವಿಚಾರಿಸುತ್ತೇನೆ.