ಅಮ್ಮನ ಪ್ರಶ್ನೆಗೆ ಉತ್ತರ ಕೊಟ್ಟವರಿಗೆ

ನಿನ್ನೆ ಅಮ್ಮನ ತಪಾಸಣೆ ಮುಗಿಯಿತು. ‘ಇನ್ನು ಆರು ತಿಂಗಳು ಇತ್ತ ಬರುವುದು ಬೇಡ’ ಎಂದರು ವೈದ್ಯರು. ಇಷ್ಟು ದಿನದ ಋಣವನ್ನು ಬಾಯಿಬಿಟ್ಟು ಹೇಳದೆ ಇರಲಾರೆ. ಬರೆಯಲು ಅಮ್ಮನೇ ಒಪ್ಪಿದ್ದಾಳೆ, ಹೆಸರು ಹಾಕಬಾರದೆಂಬ ಷರತ್ತಿನ ಮೇಲೆ.

ಶುರುವಾಗಿದ್ದು ಚಳಿಜ್ವರದಿಂದ. ಬಲಪಕ್ಕೆಯ ಕೆಳಗೆ ನೋವು, ಊಟ ಸೇರದು. ಟೈಫಾಯ್ಡ್ ಇರಬೇಕೆಂದು ಒಂದು ವಾರ ಕಳೆದೆವು. ಸ್ಕ್ಯಾನಿಂಗ್ ಮಾಡಿಸಿದರೆ ಲಿವರ್‌ನ ಬಲಭಾಗದಲ್ಲಿ 7 ಸೆಂಟಿಮೀಟರಿನಷ್ಟು ಕೀವು ಕಟ್ಟಿತ್ತು. ನಳಿಕೆ ಹಾಕಿ ಕೀವು ಬಸಿದರು.

ವಾರ್ಡಿನಲ್ಲಿ ಬಟ್ಟೆ ಬದಲಿಸುವಾಗ ಆಯಾಗೆ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಶೌಚಕ್ಕೆ ಕುಳಿತಾಗಲೆಲ್ಲ ಅಮ್ಮನಿಗೆ ಗುದನಾಳವೇ ಹೊರಕ್ಕೆ ಜಾರುತ್ತಿತ್ತು. ಕೈಯಿಂದ ಒಳಕ್ಕೆ ಒತ್ತಿಕೊಂಡು 11 ವರ್ಷ ಕಳೆದಿದ್ದಳು. ನಮಗೆ ಹೇಳಿದ್ದು ಮೂಲವ್ಯಾಧಿಯೆಂದು. ಆ ಆಯಾ ಮುಖ ಕಿವುಚಲಿಲ್ಲ, ವಾರ್ಡಿಗೆಲ್ಲ ಸಾರಲೂ ಇಲ್ಲ, ನೇರವಾಗಿ ವೈದ್ಯರಿಗೆ ತಿಳಿಸಿದರು. ನನ್ನ ಮೊದಲ ನಮಸ್ಕಾರ ಅವರಿಗೆ.

ಅಂದಿನಿಂದ ಅಮ್ಮನಿಗೆ ಒಂದೇ ಕೊರಗು: ‘ನಾನು ಮುಚ್ಚಿಟ್ಟಿದ್ದಕ್ಕೇ ಅಲ್ಲಿನ ನಂಜು ಲಿವರ್‌ಗೆ ಏರಿತೇ?’ ಬಂದವರನ್ನೆಲ್ಲ ಕೇಳಿದಳು. ‘ಅದೆಲ್ಲ ಯೋಚಿಸಬೇಡಿ ಅಮ್ಮಾ’ ಎಂದು ಹೋದವರೇ ಹೆಚ್ಚು. ರಾತ್ರಿಪಾಳಿಯ ಕಿರಿಯ ವೈದ್ಯೆಯೊಬ್ಬರು ಮಾತ್ರ ಸ್ಟೂಲ್ ಎಳೆದು ಕುಳಿತು, ರಕ್ತಪರೀಕ್ಷೆಯ ವರದಿಯ ಹಿಂಬದಿಯಲ್ಲಿ ಚಿತ್ರ ಬರೆದರು. ಗುದನಾಳದ ಮೇಲ್ಭಾಗದ ರಕ್ತ ಲಿವರ್‌ಗೇ ಹೋಗುತ್ತದೆ. ಕೆಳಭಾಗದ್ದು ಬಹುಪಾಲು ಲಿವರ್‌ಗೆ ಹೋಗದೆ ನೇರ ಹೃದಯದ ಕಡೆಗೆ. ‘ದಾರಿ ಇದೆ ಅಮ್ಮಾ, ಆದರೆ ದಾರಿ ಇದ್ದ ಮಾತ್ರಕ್ಕೆ ಕಳ್ಳ ಅಲ್ಲಿಂದಲೇ ಬಂದ ಎನ್ನಲಾಗದು.’ ಸೊಂಟದ ತಳದ ಸ್ನಾಯುಗಳು ಸಡಿಲಗೊಂಡು, ಮಲಬದ್ಧತೆಯಿಂದ ವರ್ಷಗಟ್ಟಲೆ ತಿಣುಕಿ ಗುದ ಜಾರಿದ್ದು ಒಂದು ಕಥೆ. ಲಿವರ್‌ನ ಕೀವು ಇನ್ನೊಂದು ಕಥೆ. ಅದರಲ್ಲಿ ಬೆಳೆದದ್ದು ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ; ಸಕ್ಕರೆ ಕಾಯಿಲೆಯವರನ್ನು ಅದು ಹೆಚ್ಚು ಕಾಡುತ್ತದೆ, ಅಮ್ಮನಿಗೋ ಸಕ್ಕರೆ 15 ವರ್ಷದ್ದು. ಎರಡಕ್ಕೂ ಒಂದೇ ಬೇರು ಇರಬಹುದಾದ ಸಂದರ್ಭವನ್ನೂ ಆಕೆ ಮರೆಮಾಡಲಿಲ್ಲ: ಅಮೀಬಾದ ಆಮಶಂಕೆಯಲ್ಲಿ ತಿಣುಕಿ ತಿಣುಕಿ, ಮುಖ್ಯವಾಗಿ ಮಕ್ಕಳಿಗೆ, ಗುದ ಜಾರುವುದುಂಟು, ಅದೇ ಅಮೀಬಾ ಲಿವರ್‌ಗೂ ಸೇರಬಲ್ಲದು. ಅಮ್ಮನ ಪರೀಕ್ಷೆಯಲ್ಲಿ ಅಮೀಬಾದ ಸುಳಿವಿರಲಿಲ್ಲ. ಕರುಳಿನಲ್ಲಿ ಹುಣ್ಣು, ಗಡ್ಡೆ ಇದೆಯೇ ಎಂದು ಆಮೇಲೆ ಕೊಲೊನೋಸ್ಕೋಪಿ ಮಾಡಿಸಿದರು, ಏನೂ ಸಿಗಲಿಲ್ಲ.

ಅಂದು ರಾತ್ರಿ ಅಮ್ಮ ನಿದ್ದೆ ಮಾಡಿದಳು. ಆ್ಯಂಟಿಬಯಾಟಿಕ್ ಆರು ವಾರ ನಡೆಯಿತು, ಆದರೆ ಅವಳು ಚೇತರಿಸಿಕೊಳ್ಳತೊಡಗಿದ್ದು ಆ ರಾತ್ರಿಯಿಂದ ಎಂದೇ ನನ್ನ ಲೆಕ್ಕ.

ಮೂರು ತಿಂಗಳ ನಂತರ ಗುದನಾಳವನ್ನು ಮೇಲೆಳೆದು ಬೆನ್ನೆಲುಬಿನ ಬುಡದ ಮೂಳೆಗೆ ಹೊಲಿದು ನಿಲ್ಲಿಸಿದ ಶಸ್ತ್ರವೈದ್ಯರಿಗೆ, ನಳಿಕೆಯಿಂದ ಚೀಲಕ್ಕೆ ಬಸಿದ ಕೀವನ್ನು ಅಳೆದು ಬರೆದಿಡಲು ನನಗೆ ಕಲಿಸಿದ ಸಿಸ್ಟರ್‌ಗೆ, 12 ದಿನ ಗಂಜಿ, ತಿಳಿಸಾರು ಕಳಿಸಿದ ಪಕ್ಕದ ಮನೆಯ ಅತ್ತಿಗೆಗೆ, ಪ್ರತಿ ಹಂಪ್‌ನಲ್ಲೂ ತಾನೇ ನರಳುತ್ತ ಆಟೊ ಓಡಿಸಿದ ಅಣ್ಣನಿಗೆ ಕೈಮುಗಿಯುತ್ತೇನೆ.

ಆ ಚಿತ್ರದ ಹಾಳೆ ಈಗ ಬೀರುವಿನಲ್ಲಿ, ರೇಷನ್ ಕಾರ್ಡಿನ ಜೊತೆಗಿದೆ. ಮೊನ್ನೆ ಸಂಜೆ ನೋಡಿದರೆ ಅಲ್ಲಿರಲಿಲ್ಲ. ಹಿಂದಿನ ಬೀದಿಯ ಅಜ್ಜಿಯೊಬ್ಬರನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು, ಬಾಗಿಲು ಮುಂದೆ ಮಾಡಿ, ‘ಇದು ಮೂಲವ್ಯಾಧಿಯಲ್ಲ, ನೋಡಿ ಇಲ್ಲಿ’ ಎಂದು ಅಮ್ಮ ಅದರ ಮೇಲೆ ಬೆರಳಾಡಿಸುತ್ತಿದ್ದಳು.